ಸರ್ವಾಧಿಕಾರದ ಮುನ್ಸೂಚನೆ ಮತ್ತು ವರ್ತಕನ ಮೌನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನುರಿತ ವರ್ತಕನು ಚೀಲದ ಬಾಯಲ್ಲಿ ಕಾಣುವ ಬಣ್ಣಕ್ಕೆ ಮರುಳಾಗಿ ಬೆಲೆ ಕಟ್ಟುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ, ತಳದ ಕಾಯಿಯನ್ನು ತೆಗೆದು ಮುರಿದು, ತೇವವೆಷ್ಟು, ಬೂಷ್ಟು ಹಿಡಿದಿದೆಯೇ ಎಂಬುದನ್ನು ನೋಡುತ್ತಾನೆ. ರಾಜ್ಯವ್ಯವಸ್ಥೆಯನ್ನು ಪರೀಕ್ಷಿಸುವ ಕ್ರಮವೂ ಇದೇ ಆಗಿರಬೇಕು. ಚುನಾವಣೆ, ಸಂಸತ್ತು, ನ್ಯಾಯಾಲಯ, ಪತ್ರಿಕೆ ಎಲ್ಲವೂ ಇರುವ ಪ್ರಜಾಪ್ರಭುತ್ವದಲ್ಲಿ ಫ್ಯಾಸಿಸಂನ ಮುನ್ಸೂಚನೆಗಳು ಕಾಣಿಸಿಕೊಳ್ಳಬಲ್ಲವೇ?

ಆ ಶಬ್ದ ಹುಟ್ಟಿದ ನೆಲವನ್ನು ಮೊದಲು ನೋಡುವುದು ಯುಕ್ತ. ಇಟಲಿಯಲ್ಲಿ 1922ರಲ್ಲಿ ಮುಸೊಲಿನಿಯನ್ನು ಪ್ರಧಾನಿಯಾಗಿ ನೇಮಿಸಿದವನು ಅಲ್ಲಿನ ಅರಸನೇ. ಜರ್ಮನಿಯಲ್ಲಿ ಹಿಟ್ಲರನು 1933ರ ಜನವರಿ 30ರಂದು ರಾಷ್ಟ್ರಾಧ್ಯಕ್ಷರಿಂದ ನೇಮಕಗೊಂಡು, ಮಾರ್ಚ್ 23ರಂದು ಸಂಸತ್ತಿನ ಮತದಿಂದಲೇ ಕಾನೂನು ರಚಿಸುವ ಪೂರ್ಣಾಧಿಕಾರವನ್ನು ಪಡೆದನು. ಬೀದಿಯಲ್ಲಿ ಅವರ ಪಡೆಗಳ ಬೆದರಿಕೆಯಿತ್ತು, ನಿಜ. ಆದರೆ ಇಬ್ಬರೂ ಅಧಿಕಾರದೊಳಗೆ ಬಂದದ್ದು ಕಾನೂನಿನ ಬಾಗಿಲಿನಿಂದಲೇ.

ಭಾರತದಲ್ಲಿ 1975ರ ಜೂನ್ 25ರ ರಾತ್ರಿ ಘೋಷಿತವಾದ ತುರ್ತು ಪರಿಸ್ಥಿತಿಯೂ ಸಂವಿಧಾನದ 352ನೆಯ ವಿಧಿಯ ಮೇರೆಗೆ ಬಂದಿತು. ಲಕ್ಷಕ್ಕೂ ಮಿಕ್ಕಿದ ಜನ ಬಂಧಿತರಾದರು. ಹಲವರಿಗೆ ವಿಚಾರಣೆಯೇ ಇರಲಿಲ್ಲ. ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಸೆರೆಯಾದವನಿಗೆ ನ್ಯಾಯಾಲಯದ ಕದ ತಟ್ಟುವ ಹಕ್ಕೂ ಇಲ್ಲವೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ.

ಪೇಟೆಗಳಲ್ಲಿ ಮಾತ್ರ ನೆಮ್ಮದಿ ಕಂಡಿತು. ಅಂಗಡಿಗಳ ಮುಂದೆ ದರಪಟ್ಟಿಗಳು ತೂಗಿದವು, ಬೆಲೆಗಳು ಇಳಿದವು, ಆ ವರ್ಷ ಮಳೆಯೂ ಚೆನ್ನಾಗಿ ಆಗಿತ್ತೆಂಬುದನ್ನು ಯಾರೂ ನೆನೆಯಲಿಲ್ಲ. ‘ಶಿಸ್ತು ಬಂದಿತು’ ಎಂದವರಲ್ಲಿ ಬ್ಯಾಡಗಿಯ ಒಬ್ಬ ತರುಣ ದಲಾಲನೂ ಇದ್ದನು. ರಾಣೇಬೆನ್ನೂರಿನಲ್ಲಿ ಅವನ ಸಹಪಾಠಿಯೊಬ್ಬರು ಶಾಲಾ ಶಿಕ್ಷಕರಾಗಿದ್ದರು. ಪ್ರತಿ ವರ್ಷ ಹೊಸ ಕಾಯಿ ಬಂದೊಡನೆ ಅವರ ಮನೆಗೆ ಐದು ಕಿಲೋ ಕಳುಹಿಸುವುದು ಅವನ ವಾಡಿಕೆ. 1975ರ ನವೆಂಬರಿನಲ್ಲಿ ಕರಪತ್ರ ಹಂಚಿದ ಕಾರಣಕ್ಕೆ ಶಿಕ್ಷಕರ ಬಂಧನವಾಯಿತು, ಸಂಬಳ ನಿಂತಿತು. 1976ರ ಸುಗ್ಗಿಯಲ್ಲಿ ಮೆಣಸಿನಕಾಯಿ ಹೋಗಲಿಲ್ಲ.

ಕಳುಹಿಸಬೇಡವೆಂದು ಅವನಿಗೆ ಯಾವ ಪೊಲೀಸನೂ ಹೇಳಿರಲಿಲ್ಲ, ಯಾವ ಆಜ್ಞೆಯೂ ಬಂದಿರಲಿಲ್ಲ. ಹಮಾಲನ ಕಣ್ಣಿಗೆ ಬಿದ್ದೀತು, ನೆರೆಯವರು ಆಡಿಕೊಂಡಾರು, ಲೈಸೆನ್ಸಿಗೆ ತೊಂದರೆಯಾದೀತು ಎಂದು ಅವನೇ ಊಹಿಸಿಕೊಂಡನು.

1977ರ ಜನವರಿಯಲ್ಲಿ ಶಿಕ್ಷಕರು ಮರಳಿದರು. ದಲಾಲನು ತಾನೇ ಚೀಲ ಹಿಡಿದು ಅವರ ಮನೆಗೆ ಹೋದನು. ಒಳಗಿಂದ ಬಂದ ಶಿಕ್ಷಕರ ಪತ್ನಿ ಚೀಲವನ್ನು ತೆಗೆದುಕೊಂಡು, ‘ಹೋದ ವರ್ಷ ಖಾರಕ್ಕೇನೂ ಕಮ್ಮಿ ಬೀಳಲಿಲ್ರೀ ಸಾವ್ಕಾರ್ರ. ಬಾಗಲಾ ಬಡಿಯೋರು ಒಬ್ರೂ ಇರಲಿಲ್ಲ, ಅಷ್ಟರೀ’ ಎಂದರು. ಆತನಿಗೆ ಈಗ ಎಪ್ಪತ್ತೈದು ದಾಟಿದೆ. ಹಳೆಯ ಖಾತೆ ಪುಸ್ತಕದಲ್ಲಿ 1976ರ ಪುಟವನ್ನು ತೆರೆದು, ಅಲ್ಲಿಲ್ಲದ ಆ ಒಂದು ಸಾಲನ್ನು ಮೊಮ್ಮಕ್ಕಳಿಗೆ ತೋರಿಸುತ್ತಾನೆ.

ಆ ಮಾರ್ಚಿನ ಚುನಾವಣೆಯಲ್ಲಿ ದೇಶವು ಅಂದಿನ ಸರ್ಕಾರವನ್ನು ಕೆಳಗಿಳಿಸಿತು. ಕರ್ನಾಟಕ ಮಾತ್ರ 28 ಸ್ಥಾನಗಳಲ್ಲಿ 26ನ್ನು ಆ ಪಕ್ಷಕ್ಕೇ ಕೊಟ್ಟಿತು. ಇದನ್ನು ಭಯದ ಮತವೆಂದು ಹಳಿಯುವುದು ಏಕಾಂತವಾದವಾದೀತು. ದೇವರಾಜ ಅರಸರ ಭೂಸುಧಾರಣೆಯಿಂದ ಉಳುವ ಹೊಲ ತನ್ನದಾಗುವುದೆಂದು ಭರವಸೆ ಪಡೆದ ಗೇಣಿದಾರನ ಲೆಕ್ಕವೂ ಲೆಕ್ಕವೇ. ಹಾಗೆಯೇ, ಸೋತೊಡನೆ ಅಧಿಕಾರ ಬಿಟ್ಟ ಆಡಳಿತವನ್ನು ಹಿಟ್ಲರನ ಆಡಳಿತದೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪೂರ್ಣ ಫ್ಯಾಸಿಸಂ ಅಂದು ಬರಲಿಲ್ಲ, ಮುನ್ಸೂಚನೆಗಳು ಬಂದಿದ್ದವು.

ತಿದ್ದುಪಡಿಯೂ ಆಗಿದೆ. 1978ರ 44ನೆಯ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿಯನ್ನು ಅಮಾನತ್ತಿನಲ್ಲಿಡಲಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ 1976ರ ತೀರ್ಪನ್ನು ತಳ್ಳಿಹಾಕಿತು.

ಹಾಗೆಂದು ಚೀಲದೊಳಗೆ ಕೈಯಿಡುವುದನ್ನು ಬಿಡುವಂತಿಲ್ಲ. 2019ರ ತಿದ್ದುಪಡಿಯ ಮೇರೆಗೆ, ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವ ಮುನ್ನವೇ ವ್ಯಕ್ತಿಯೊಬ್ಬನನ್ನು ಭಯೋತ್ಪಾದಕನೆಂದು ಸರ್ಕಾರ ಹೆಸರಿಸಬಹುದು. 1997ರವರೆಗೆ ಹಾವೇರಿ ಸೀಮೆಯ ಜಿಲ್ಲಾ ಕೇಂದ್ರವಾಗಿದ್ದ ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಒಂದು ಕಾನೂನು, ಒಂದು ಕೊಲೆ ದೇಶವನ್ನು ಫ್ಯಾಸಿಸ್ಟ್ ಆಗಿಸುವುದಿಲ್ಲ. ಆದರೆ ಇಂಥ ಸುದ್ದಿಯನ್ನು ಕೇಳಿ ‘ನಮಗೇಕೆ’ ಎನ್ನುವ ಮನೆಗಳು ಎಷ್ಟೆಂಬುದನ್ನು ಎಣಿಸಬೇಕು. ಆಳುವ ಪಕ್ಷ ಯಾವುದೇ ಇರಲಿ, ಈ ಎಣಿಕೆ ನಿಲ್ಲಬಾರದು.

ಹಾವೇರಿಯ ರೈಲು ನಿಲ್ದಾಣವು ಮೈಲಾರ ಮಹಾದೇವರ ಹೆಸರನ್ನು ಹೊತ್ತಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಆ ತರುಣ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅಂಥ ಧೈರ್ಯವನ್ನು ಎಲ್ಲ ಗೃಹಸ್ಥರಿಂದ ಅಪೇಕ್ಷಿಸಲಾಗದು. ಸೆರೆಯಾದವನ ಮನೆಗೆ ಐದು ಕಿಲೋ ಮೆಣಸಿನಕಾಯಿ ಒಯ್ಯುವಷ್ಟು ಧೈರ್ಯವನ್ನಾದರೂ ಅಪೇಕ್ಷಿಸಬಹುದು.