ಎಲ್ಲರ ಪರವಾಗಿ ಒಬ್ಬಳು

ತರಗತಿಯಲ್ಲಿ ಅರವತ್ತು ಮಕ್ಕಳಿದ್ದು, ಅವರಲ್ಲಿ ಒಂದು ಸಮುದಾಯಕ್ಕೆ ಸೇರಿದವರು ಒಬ್ಬರೇ ಇದ್ದರೆ, ಆ ಒಬ್ಬರ ಪಾಲಿಗೆ ಉಳಿದವರಿಗಿಲ್ಲದ ಒಂದು ಪಾಠ ಹೆಚ್ಚುವರಿಯಾಗಿ ಇರುತ್ತದೆ. ಅದಕ್ಕೆ ಪುಸ್ತಕವಿಲ್ಲ, ಪರೀಕ್ಷೆ ಮಾತ್ರ ದಿನಾ ಇದೆ. ‘ನಿಮ್ಮವರಲ್ಲಿ ಹೀಗಂತೆ, ಹೌದಾ?’ ಎಂದು ಯಾರೋ ಕೇಳುತ್ತಾರೆ. ಉತ್ತರ ಗೊತ್ತಿರಲಿ, ಇಲ್ಲದಿರಲಿ, ಇಡೀ ಸಮುದಾಯದ ವಕ್ತಾರರಾಗಿ ಎದ್ದು ನಿಲ್ಲಬೇಕು. ಉತ್ತರ ತಪ್ಪಿದರೆ ಅವರೊಬ್ಬರೇ ಫೇಲಾಗುವುದಿಲ್ಲ, ಇಡೀ ಸಮುದಾಯವೇ ಫೇಲು!

ಈ ಪರೀಕ್ಷೆಯ ಬಗ್ಗೆಯೇ ಇರುವ ಒಂದು ಅಮೇರಿಕನ್ ಚಿತ್ರವನ್ನು ನಾವು ಮೂವರು ಗೆಳತಿಯರು ಜೊತೆಯಾಗಿ ನೋಡಿದೆವು. ಹೆಸರು ‘ಡಿಯರ್ ವೈಟ್ ಪೀಪಲ್’. ‘ಪ್ರಿಯ ಬಿಳಿಯರೇ’ ಎಂದು ಕನ್ನಡದಲ್ಲಿ ಹೇಳಬಹುದು. ಬರೆದು ನಿರ್ದೇಶಿಸಿದವರು ಜಸ್ಟಿನ್ ಸಿಮಿಯನ್. ಅವರ ಮೊದಲ ಪೂರ್ಣಪ್ರಮಾಣದ ಚಿತ್ರವಿದು. 2014ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು ಅಲ್ಲಿ ವಿಶೇಷ ಪ್ರಶಸ್ತಿ ಪಡೆಯಿತು. ಅಕ್ಟೋಬರಿನಲ್ಲಿ ಚಿತ್ರಮಂದಿರಗಳಿಗೆ ಬಂತು. ಕೈಯಲ್ಲಿ ದುಡ್ಡಿಲ್ಲದೆ ಒಂದು ಸಣ್ಣ ತುಣುಕನ್ನು ತಯಾರಿಸಿ, ಅದನ್ನು ಅಂತರ್ಜಾಲದಲ್ಲಿ ತೋರಿಸಿ, ಜನರಿಂದಲೇ ಆರಂಭದ ಹಣ ಸಂಗ್ರಹಿಸಿ ಮಾಡಿದ ಚಿತ್ರವಿದು. ಇದೊಂದು ವಿಡಂಬನೆ. ಆದರೆ ನಗಲು ಕೂತ ನಾವು ಮೂವರೂ ಚಿತ್ರ ಮುಗಿದ ಮೇಲೆ ರಾತ್ರಿ ಬಹಳ ಹೊತ್ತು ವಾದ ಮಾಡುತ್ತಾ ಕೂತೆವು. ನಾವು ಮೂವರೂ ಪಾಠ ಹೇಳುವವರು. ಹಾಗಾಗಿ ಅಲ್ಲಿಯ ಪ್ರತಿಯೊಂದು ಮುಖವೂ ನಮಗೆ ಹಾಜರಿ ಪುಸ್ತಕದ ಹೆಸರಿನಂತೆ ಕಂಡಿತು.

ಕಥೆ ನಡೆಯುವುದು ವಿಂಚೆಸ್ಟರ್ ಎಂಬ ಕಾಲ್ಪನಿಕ ವಿಶ್ವವಿದ್ಯಾಲಯದಲ್ಲಿ. ಶ್ರೀಮಂತರ, ಪ್ರತಿಷ್ಠಿತರ ಮಕ್ಕಳೇ ಹೆಚ್ಚಾಗಿ ಓದುವ ತಾಣ ಅದು. ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯವರು. ಅವರಲ್ಲಿ ಸಮಂತಾ ವೈಟ್ ಎಂಬ ಹುಡುಗಿ ಕ್ಯಾಂಪಸ್ಸಿನ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ನಡೆಸುತ್ತಾಳೆ. ಪ್ರತಿಸಲವೂ ‘ಪ್ರಿಯ ಬಿಳಿಯರೇ’ ಎಂದು ಆರಂಭಿಸಿ ಒಂದೊಂದು ಚುಚ್ಚು ಮಾತು. ಜನಾಂಗದ್ವೇಷಿ ಎನಿಸಿಕೊಳ್ಳದಿರಲು ಬೇಕಾದ ಕಪ್ಪು ಸ್ನೇಹಿತರ ಸಂಖ್ಯೆಯನ್ನು ಇನ್ನು ಮುಂದೆ ಎರಡಕ್ಕೆ ಏರಿಸಲಾಗಿದೆ ಎಂದು ಅವಳು ಪ್ರಕಟಣೆ ಹೊರಡಿಸುವಾಗ ಯಾರಿಗೂ ನಗು ಬರಬೇಕು. ‘ನನಗೂ ಒಬ್ಬ ಗೆಳೆಯ ಇದ್ದಾನೆ, ಅವನು ನಿಮ್ಮವನೇ’ ಎಂಬ ಸಮಜಾಯಿಷಿಯನ್ನು ಕೇಳಿದವರಿಗಂತೂ ಇನ್ನಷ್ಟು ಬರಬೇಕು.

ಜಗಳ ಶುರುವಾಗುವುದು ಹಾಸ್ಟೆಲ್ ವಿಷಯದಿಂದ. ಅಲ್ಲಿ ಕಪ್ಪು ವಿದ್ಯಾರ್ಥಿಗಳೇ ಬಹುತೇಕ ವಾಸಿಸುವ ಒಂದು ವಸತಿನಿಲಯವಿದೆ. ಆಡಳಿತ ಮಂಡಳಿ ಹೊಸ ನಿಯಮ ತಂದು, ಯಾರಿಗೆ ಎಲ್ಲಿ ಕೋಣೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲು ಹೊರಡುತ್ತದೆ. ಎಲ್ಲರೂ ಬೆರೆಯಲಿ ಎಂಬ ಒಳ್ಳೆಯ ಮಾತು ಅದರ ಬೆನ್ನಿಗಿದೆ. ಆದರೆ ಕಪ್ಪು ಮಕ್ಕಳಿಗೆ ತಮ್ಮ ಒಂದೇ ಒಂದು ಒಟ್ಟುಗೂಡುವ ಜಾಗ ಹೋಗುತ್ತದೆ. ಸಮಂತಾ ಆ ನಿಯಮದ ವಿರುದ್ಧ ಚುನಾವಣೆಗೆ ನಿಂತು ನಿಲಯದ ಮುಖ್ಯಸ್ಥೆಯಾಗುತ್ತಾಳೆ.

ದೂರದ ನಮಗೆ ಇದು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಅಮೇರಿಕದಲ್ಲಿ ಹಾಸ್ಟೆಲಿನ ಕೋಣೆಗೆ ಒಂದು ಚರಿತ್ರೆ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ ಅವರು, ಮೊದಲ ವರ್ಷದ ಹುಡುಗರೆಲ್ಲಾ ಇರಬೇಕಾದ ವಸತಿನಿಲಯಗಳಿಂದ ಕಪ್ಪು ವಿದ್ಯಾರ್ಥಿಗಳನ್ನು ಹೊರಗಿಟ್ಟಿದ್ದರು. 1922ರಲ್ಲಿ ಅದು ದೊಡ್ಡ ವಿವಾದವಾಗಿ, 1923ರಲ್ಲಿ ಮೇಲಿನ ಮಂಡಳಿ ಆ ನೀತಿಯನ್ನು ತಳ್ಳಿಹಾಕಿತು. ಅರ್ಧ ಶತಮಾನದ ನಂತರ, 1972ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ಬದುಕು, ಸಂಸ್ಕೃತಿಗಳನ್ನು ಕೇಂದ್ರವಾಗಿಟ್ಟುಕೊಂಡ ‘ಉಜಾಮಾ’ ಎಂಬ ವಸತಿನಿಲಯ ಆರಂಭವಾಯಿತು. ಒಂದು ಕಾಲದಲ್ಲಿ ಕೂಡಿ ಬಾಳಲು ಬಿಡದವರು, ಇನ್ನೊಂದು ಕಾಲದಲ್ಲಿ ‘ನೀವು ಪ್ರತ್ಯೇಕವಾಗಿ ಇರುವುದೇಕೆ?’ ಎಂದು ಕೇಳಿದರೆ ಆ ಪ್ರಶ್ನೆ ಕಿವಿಗೆ ಬೇರೆಯೇ ರೀತಿ ಕೇಳಿಸುತ್ತದೆ.

ಇಷ್ಟಾದರೆ ಇದು ಬಿಳಿಯರ ವಿರುದ್ಧ ಕಪ್ಪು ಜನರ ಕಥೆಯಾಗಿ ಮುಗಿಯುತ್ತಿತ್ತು. ಸಿಮಿಯನ್ ಅಲ್ಲಿಗೆ ಬಿಡುವುದಿಲ್ಲ. ಅವರ ನಾಲ್ವರು ಕಪ್ಪು ವಿದ್ಯಾರ್ಥಿಗಳು ನಾಲ್ಕು ದಿಕ್ಕು. ಡೀನ್ ಮಗನಾದ ಟ್ರಾಯ್, ಬಿಳಿಯರ ಕಣ್ಣಿಗೆ ಎಲ್ಲೂ ಕೊಂಕು ಕಾಣದಂತೆ ಬದುಕಬೇಕೆಂಬ ತಂದೆಯ ಆಸೆಯನ್ನು ಹೊತ್ತು ನಡೆಯುವವನು. ಅವನಿಗೆ ನಿಜವಾಗಿ ಇಷ್ಟವಿರುವುದು ಹಾಸ್ಯ ಬರೆಯುವುದು. ಕೊಲಾಂಡ್ರಿಯಾ ಎಂಬ ಹುಡುಗಿ ತನ್ನ ಹೆಸರನ್ನು ‘ಕೊಕೊ’ ಎಂದು ಕಿರಿದು ಮಾಡಿಕೊಂಡಿದ್ದಾಳೆ, ಕೂದಲನ್ನು ನೇರ ಮಾಡಿಕೊಂಡಿದ್ದಾಳೆ. ಟೀವಿಯವನೊಬ್ಬ ರಿಯಾಲಿಟಿ ಶೋಗೆ ಮುಖಗಳನ್ನು ಹುಡುಕುತ್ತಾ ಬಂದಾಗ ಅವನಿಗೆ ಇವಳು ಬೇಡ, ಸಿಟ್ಟಿನ ಸಮಂತಾಳೇ ಬೇಕು. ಲಯೊನೆಲ್ ಎಂಬವನ ತಲೆಯಲ್ಲಿ ಬುಟ್ಟಿಯಂತೆ ಹರಡಿದ ಕೂದಲು. ಸಿಕ್ಕಸಿಕ್ಕವರೆಲ್ಲಾ ಅದನ್ನು ಮುಟ್ಟಿ ನೋಡುವವರೇ. ಸಲಿಂಗಿಯಾದ ಅವನಿಗೆ ಬಿಳಿಯರ ನಡುವೆಯೂ ಜಾಗವಿಲ್ಲ, ಕಪ್ಪು ಹುಡುಗರ ನಡುವೆಯೂ ಇಲ್ಲ. ಆದರೂ ವಿದ್ಯಾರ್ಥಿ ಪತ್ರಿಕೆಯವರು ಕಪ್ಪು ವಿದ್ಯಾರ್ಥಿಗಳ ಬಗ್ಗೆ ಬರೆಯಲು ಹುಡುಕಿಕೊಂಡು ಬರುವುದು ಅವನನ್ನೇ! ಅವನ ಚರ್ಮವೇ ಅವನ ಅರ್ಹತಾಪತ್ರ.

ಹಾರ್ವರ್ಡಿನಿಂದ 1895ರಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೇರಿಕನ್ ಡಬ್ಲ್ಯು.ಇ.ಬಿ. ಡುಬಾಯ್ಸ್. ಯಾವಾಗಲೂ ಇತರರ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳಬೇಕಾದ ಸ್ಥಿತಿಯನ್ನು ಅವರು 1903ರಷ್ಟು ಹಿಂದೆಯೇ ‘ಇಬ್ಬಗೆಯ ಪ್ರಜ್ಞೆ’ ಎಂದು ಗುರುತಿಸಿದ್ದರು. ಈ ನಾಲ್ವರೂ ಅದೇ ಕಾಯಿಲೆಯ ನಾಲ್ಕು ಲಕ್ಷಣಗಳು. ಒಬ್ಬ ಒಗ್ಗಿಕೊಳ್ಳುತ್ತಾನೆ, ಒಬ್ಬಳು ಬದಲಾಗುತ್ತಾಳೆ, ಒಬ್ಬ ಅಡಗುತ್ತಾನೆ, ಒಬ್ಬಳು ಎದುರು ನಿಲ್ಲುತ್ತಾಳೆ. ಸುಮ್ಮನೆ ಓದಿಕೊಂಡು ಇರುವ ಅವಕಾಶ ಮಾತ್ರ ಯಾರಿಗೂ ಇಲ್ಲ.

ಇದನ್ನು ನೋಡುವಾಗ ನಮ್ಮ ಸ್ನಾತಕೋತ್ತರ ದಿನಗಳ ಸಹಪಾಠಿಯೊಬ್ಬರು ನೆನಪಾದರು. ಕೀನ್ಯಾದಿಂದ ಬಂದಿದ್ದ ಅವರು ಮಿತಭಾಷಿ, ಲೆಕ್ಕಪತ್ರದಲ್ಲಿ ನಿಪುಣ. ಪ್ರತಿ ವಾರ್ಷಿಕೋತ್ಸವಕ್ಕೂ ಸಂಘಟಕರು ಅವರ ಹೆಸರನ್ನು ನೃತ್ಯದ ಪಟ್ಟಿಯಲ್ಲಿ ತಾವಾಗಿಯೇ ಬರೆದುಬಿಡುತ್ತಿದ್ದರು. ‘ನನಗೆ ಕುಣಿಯಲು ಬರುವುದಿಲ್ಲ’ ಎಂದರೆ ಅದನ್ನು ವಿನಯ ಎಂದೇ ತಿಳಿಯುತ್ತಿದ್ದರು. ಕೊನೆಯ ವರ್ಷ ಅವರು, ‘ಬೇಕಾದರೆ ವೇದಿಕೆಯ ಮೇಲೆ ಒಂದು ಆಢಾವೆ ಪತ್ರಿಕೆ ಹೊಂದಿಸಿ ತೋರಿಸುತ್ತೇನೆ’ ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ.

ನಮ್ಮ ರಾಜ್ಯದಲ್ಲಿ ಕಪ್ಪು ವಿದ್ಯಾರ್ಥಿಯಾಗಿರುವುದು ಬರೀ ಕುಣಿತದ ಪಟ್ಟಿಗೆ ಮುಗಿಯುವ ವಿಷಯವೂ ಅಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿ, ಅವಳು ಬಂದ ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. ದೇಶವೂ ಬೇರೆ. ಇಬ್ಬರಿಗೂ ಸಮಾನವಾಗಿದ್ದುದು ಬಣ್ಣ ಮಾತ್ರ. ಒಬ್ಬರನ್ನು ಎಲ್ಲರ ಪ್ರತಿನಿಧಿಯಾಗಿ ಕಾಣುವ ಅಭ್ಯಾಸ ಕೊನೆಗೆ ಹೋಗಿ ನಿಲ್ಲುವುದು ಇಲ್ಲಿಗೇ. ವೇದಿಕೆಯಲ್ಲಿ ಎಲ್ಲರ ಪರವಾಗಿ ಕುಣಿಯಬೇಕು, ರಸ್ತೆಯಲ್ಲಿ ಎಲ್ಲರ ಪರವಾಗಿ ಪೆಟ್ಟು ತಿನ್ನಬೇಕು!

ಮತ್ತೆ ಚಿತ್ರಕ್ಕೆ ಬರೋಣ. ವಿಂಚೆಸ್ಟರಿನ ಹಾಸ್ಯಪತ್ರಿಕೆಯ ತಂಡದ ನಾಯಕ ಕರ್ಟ್, ವಿಶ್ವವಿದ್ಯಾಲಯದ ಅಧ್ಯಕ್ಷರ ಮಗ. ಆ ತಂಡದ ವಾರ್ಷಿಕ ಪಾರ್ಟಿಗೆ ಒಂದು ಆಮಂತ್ರಣ ಹೋಗುತ್ತದೆ: ಎಲ್ಲರೂ ಕಪ್ಪು ಜನರ ವೇಷ ಹಾಕಿ ಬನ್ನಿ. ಬಿಳಿಯ ಹುಡುಗ ಹುಡುಗಿಯರು ಮುಖಕ್ಕೆ ಮಸಿ ಬಳಿದುಕೊಂಡು, ಮೈತುಂಬಾ ಹೊಳೆಯುವ ಸರಗಳನ್ನು ಹಾಕಿಕೊಂಡು ಹುರುಪಿನಿಂದ ಬರುತ್ತಾರೆ. ಈ ಮಸಿಗೂ ಚರಿತ್ರೆ ಇದೆ. 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದು ‘ಜಿಮ್ ಕ್ರೋ’ ಎಂಬ ಕಪ್ಪು ಮನುಷ್ಯನ ಪಾತ್ರವನ್ನು ಕುಣಿದು ತೋರಿಸಿ ಜನರನ್ನು ನಗಿಸುತ್ತಿದ್ದ. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಲ್ಲಿ ಪ್ರತ್ಯೇಕಿಸಿದ ಕಾನೂನುಗಳಿಗೆ ಅದೇ ಹೆಸರು ಅಂಟಿಕೊಂಡಿತು. ನಗಿಸಲೆಂದು ಹುಟ್ಟಿದ ಹೆಸರೊಂದು ಕಾನೂನಿನ ಹೆಸರಾದ ಬಗೆ ಇದು.

ಸಿನಿಮಾದವರು ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದಾರೆ ಎಂದು ನಮಗೂ ಅನ್ನಿಸಿತ್ತು. ಕೊನೆಯಲ್ಲಿ ಹೆಸರುಗಳು ಸಾಗುವಾಗ, ನಿಜವಾದ ವಿಶ್ವವಿದ್ಯಾಲಯಗಳಲ್ಲಿ ನಡೆದ ಇಂಥ ಪಾರ್ಟಿಗಳ ನಿಜವಾದ ಚಿತ್ರಗಳು, ಸುದ್ದಿಗಳು ಬರುತ್ತವೆ. 2010ರ ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ‘ಕಾಂಪ್ಟನ್ ಕುಕೌಟ್’ ಎಂಬ ಹೆಸರಿನಲ್ಲಿ ನಡೆಸಿದ ಪಾರ್ಟಿ ದೊಡ್ಡ ಪ್ರತಿಭಟನೆಗೆ ಕಾರಣವಾಗಿತ್ತು. ಕಪ್ಪು ಜನರ ಇತಿಹಾಸವನ್ನು ಸ್ಮರಿಸುವ ತಿಂಗಳಲ್ಲೇ ಅದು ನಡೆದಿತ್ತು. ವಿಡಂಬನಕಾರನಿಗೆ ಹೊಸದಾಗಿ ಕಲ್ಪಿಸಲು ಹೆಚ್ಚೇನೂ ಉಳಿದಿರಲಿಲ್ಲ.

ನಮ್ಮ ವಾದ ಕಾವೇರಿದ್ದು ಇದರ ನಂತರದ ತಿರುವಿಗೆ. ಹಾಸ್ಯಪತ್ರಿಕೆಯ ಖಾತೆಯೊಳಗೆ ನುಗ್ಗಿ ಆ ಆಮಂತ್ರಣವನ್ನು ಕಳುಹಿಸಿದವಳು ಸಮಂತಾಳೇ ಎಂಬುದು ಆಮೇಲೆ ತಿಳಿಯುತ್ತದೆ! ನಮ್ಮಲ್ಲೊಬ್ಬಳು ಕೂಡಲೇ, ‘ಇಲ್ಲಿಗೆ ಚಿತ್ರ ಕೆಟ್ಟಿತು. ಅನ್ಯಾಯಕ್ಕೆ ಒಳಗಾದವರೇ ಅನ್ಯಾಯವನ್ನು ಸೃಷ್ಟಿಸಿದರು ಎಂದು ನಾಳೆ ಎಲ್ಲರೂ ಹೇಳಲು ಇದೊಂದೇ ಸಾಕು’ ಎಂದಳು. ಅವಳ ಆತಂಕ ಸುಳ್ಳಲ್ಲ. ದೂರು ಕೊಟ್ಟವರನ್ನೇ ಅಪರಾಧಿ ಮಾಡುವ ಕಲೆ ಲೋಕಕ್ಕೆ ಚೆನ್ನಾಗಿ ಗೊತ್ತು. ಇನ್ನೊಬ್ಬಳು ಕೇಳಿದಳು: ‘ಆಮಂತ್ರಣ ಅವಳದ್ದು ಸರಿ. ಬಂದವರು ಯಾರು? ಮಸಿ ಬಳಿದ ಕೈ ಯಾರದ್ದು?’

ಒಂದು ಆಮಂತ್ರಣ ಸಿಕ್ಕಿದ ಮಾತ್ರಕ್ಕೆ ಯಾರೂ ಮುಖಕ್ಕೆ ಮಸಿ ಬಳಿದುಕೊಳ್ಳುವುದಿಲ್ಲ. ಒಳಗೆ ಮೊದಲೇ ಸಿದ್ಧವಿದ್ದವರು ಬಳಿದುಕೊಳ್ಳುತ್ತಾರೆ. ‘ಜನಾಂಗಭೇದ ಎಲ್ಲಿದೆ? ಅದೆಲ್ಲಾ ಹಳೇ ಕಥೆ’ ಎನ್ನುವ ಆಡಳಿತಕ್ಕೆ ಸಮಂತಾ ಬಾಯಲ್ಲಿ ಉತ್ತರ ಕೊಡಲಿಲ್ಲ, ಬಾಗಿಲು ತೆರೆದಿಟ್ಟು ಯಾರು ಯಾರು ಒಳಗೆ ಬರುತ್ತಾರೆಂದು ತೋರಿಸಿದಳು. ಅವಳು ಮಾಡಿದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ಪರೀಕ್ಷಿಸಲೆಂದೇ ಆದರೂ ತನ್ನವರ ಅವಮಾನಕ್ಕೆ ವೇದಿಕೆ ಕಟ್ಟಿಕೊಡುವ ಹಕ್ಕು ಒಬ್ಬಳಿಗೆ ಇದೆಯೇ? ಆ ವೇಷಗಳ ನಡುವೆ ಹೋಗಿ ನಿಂತು, ಸಹಿಸಲಾಗದೆ ಕಪ್ಪು ವಿದ್ಯಾರ್ಥಿಗಳನ್ನು ಕರೆತಂದು ಪಾರ್ಟಿಯನ್ನು ಒಡೆಯುವವನು ಯಾವ ಗುಂಪಿನಲ್ಲೂ ಇಲ್ಲದ ಲಯೊನೆಲ್. ಘೋಷಣೆ ಕೂಗಿದವಳಿಗಿಂತ ಹೆಚ್ಚು ನೊಂದವನು ಅವನು. ಚಿತ್ರ ಈ ಎರಡನ್ನೂ ಮುಚ್ಚಿಡದೆ ತೋರಿಸುತ್ತದೆ.

ನಮ್ಮನ್ನು ಹೆಚ್ಚು ಕಾಡಿದ್ದು ಮಾತ್ರ ಪಾರ್ಟಿಯಲ್ಲ, ಸಮಂತಾಳ ಒಳಗುಟ್ಟು. ಅವಳ ತಂದೆ ಬಿಳಿಯರು, ಕಾಯಿಲೆಯಿಂದ ಮಲಗಿದ್ದಾರೆ. ಅವಳು ಪ್ರೀತಿಸುವ ಹುಡುಗನೂ ಬಿಳಿಯ. ಎರಡನ್ನೂ ತನ್ನ ಸಂಗಡಿಗರಿಂದ ಅಡಗಿಸಿಟ್ಟಿದ್ದಾಳೆ. ‘ನಿನಗೆ ಇಷ್ಟ ಬರ್ಗ್‌ಮನ್ ಚಿತ್ರಗಳು, ಕೇಳಿದವರಿಗೆ ಹೇಳುವುದು ಸ್ಪೈಕ್ ಲೀ ಹೆಸರು’ ಎಂಬ ಅರ್ಥದ ಮಾತನ್ನು ಆ ಹುಡುಗ ಹೇಳುತ್ತಾನೆ. ಬಿಳಿಯರ ಅಚ್ಚನ್ನು ಒಡೆಯಲು ಹೊರಟವಳು ತನ್ನವರು ಕೊಟ್ಟ ಇನ್ನೊಂದು ಅಚ್ಚಿನೊಳಗೆ ಸೇರಿಕೊಂಡಿದ್ದಾಳೆ. ತಂದೆಗೆ ಹುಷಾರಿಲ್ಲವೆಂದು ಗಟ್ಟಿಯಾಗಿ ಅಳಲೂ ಅವಳಿಗೆ ಸ್ವಾತಂತ್ರ್ಯವಿಲ್ಲ. ನಾಯಕಿಗೆ ಮನೆಯ ದುಃಖ ಇರಬಾರದು!

ಹೋರಾಟ ಬೇಡವೆಂದು ಇದರ ಅರ್ಥವಲ್ಲ. ಅವಳು ದನಿ ಎತ್ತದಿದ್ದರೆ ಹಾಸ್ಟೆಲೂ ಉಳಿಯುತ್ತಿರಲಿಲ್ಲ, ಮಾತೂ ಉಳಿಯುತ್ತಿರಲಿಲ್ಲ. ಆದರೆ ಬೆರಳೆಣಿಕೆಯ ಜನ ಇಡೀ ಜನಾಂಗವನ್ನು ಹೊರಬೇಕಾದಾಗ, ಹೊರುವವರ ಹೆಗಲೂ ಮುರಿಯುತ್ತದೆ, ಜೊತೆಯಲ್ಲಿರುವವರು ‘ಸರಿಯಾಗಿ ಹೊತ್ತಿದ್ದಾಳೆಯೇ’ ಎಂದು ತಪಾಸಣೆಗೂ ಇಳಿಯುತ್ತಾರೆ. ಸಮಂತಾಳಿಗೆ ಬಿಳಿಯರ ಮುಂದೆಯೂ ಪರೀಕ್ಷೆ, ತನ್ನವರ ಮುಂದೆಯೂ ಪರೀಕ್ಷೆ.

ಚಿತ್ರದಲ್ಲಿ ಕೊರತೆಗಳೂ ಇವೆ. ಪಾತ್ರಗಳು ಕೆಲವೊಮ್ಮೆ ಭಾಷಣದಂತೆ ಮಾತಾಡುತ್ತವೆ. ಶುಲ್ಕಕ್ಕೆ ಪರದಾಡುವ ಬಡ ಕಪ್ಪು ವಿದ್ಯಾರ್ಥಿಯ ಮುಖ ಇಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಕೊನೆಯ ಏಟು ಸರಿಯಾಗಿ ಬೀಳುತ್ತದೆ. ಇಷ್ಟೆಲ್ಲಾ ಆದ ಮೇಲೆ ಅಧ್ಯಕ್ಷರೂ ಡೀನರೂ ಕೂತು ಮಾತಾಡುವುದು ಆ ರಿಯಾಲಿಟಿ ಶೋದಿಂದ ಬರಬಹುದಾದ ಹಣದ ಬಗ್ಗೆ! ಅವಮಾನವೂ ಮಾರಾಟದ ಸರಕು.

ಚಿತ್ರ ಬಂದ ಮರುವರ್ಷವೇ, 2015ರ ನವೆಂಬರಿನಲ್ಲಿ, ಮಿಸೌರಿ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಪ್ರತಿಭಟಿಸಿದರು, ಫುಟ್ಬಾಲ್ ತಂಡದ ಆಟಗಾರರು ಆಡುವುದಿಲ್ಲವೆಂದು ಕೂತರು. ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು. ಚಿತ್ರದ ಕಥೆಯನ್ನೇ ಸಿಮಿಯನ್ 2017ರಿಂದ 2021ರವರೆಗೆ ನೆಟ್‌ಫ್ಲಿಕ್ಸಿನಲ್ಲಿ ಧಾರಾವಾಹಿಯಾಗಿ ಮುಂದುವರಿಸಿದರು. 2023ರ ಜೂನ್‌ನಲ್ಲಿ ಅಮೇರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ, ಪ್ರವೇಶ ನೀಡುವಾಗ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಅದರಿಂದ ದೊಡ್ಡ ಕಾಲೇಜುಗಳ ತರಗತಿಯಲ್ಲಿ ನಾಲ್ವರಿದ್ದ ಕಡೆ ಇಬ್ಬರಾದರೆ, ಆ ಇಬ್ಬರ ಹೆಗಲ ಭಾರವೂ ಇಮ್ಮಡಿಯಾಗುತ್ತದೆ.

ಆ ರಾತ್ರಿ ನಾವು ಮೂವರೂ ಒಪ್ಪಿದ ಮಾತು ಒಂದೇ. ಒಂದು ಕಾಲೇಜಿನಲ್ಲಿ ಸಮಾನತೆ ಇದೆಯೇ ಎಂದು ತಿಳಿಯಲು ಅಲ್ಲಿಯ ಗೋಡೆಯ ಮೇಲಿನ ಘೋಷವಾಕ್ಯ ಓದಬೇಕಾಗಿಲ್ಲ. ಅಲ್ಪಸಂಖ್ಯೆಯಲ್ಲಿರುವ ಹುಡುಗಿಯೊಬ್ಬಳು ಅಲ್ಲಿ ಯಾರ ಪರವಾಗಿಯೂ ಅಲ್ಲದೆ, ತನ್ನ ಪಾಡಿಗೆ ತಾನು ಕಡಿಮೆ ಅಂಕ ತೆಗೆಯಬಹುದೇ, ಇಷ್ಟದ ಸಿನಿಮಾ ನೋಡಬಹುದೇ, ಬೇಜಾರಾದರೆ ಅಳಬಹುದೇ ಎಂದು ನೋಡಿದರೆ ಸಾಕು. ಪಾಠ ಮಾಡುವಾಗ ಒಂದು ಸಮುದಾಯದ ಪ್ರಸ್ತಾಪ ಬಂದ ಕ್ಷಣ ಇಡೀ ತರಗತಿಯ ಕತ್ತು ಒಂದೇ ಬೆಂಚಿನ ಕಡೆ ತಿರುಗುವುದನ್ನು ಮೇಜಿನ ಈಚೆಯಿಂದ ನಾವು ದಿನಾ ಕಾಣುತ್ತೇವೆ. ಆ ಬೆಂಚಿನಲ್ಲಿರುವ ಮಗುವಿಗೆ ಆಗ ಬೇಕಾಗಿರುವುದು ನಮ್ಮ ಅನುಕಂಪವಲ್ಲ. ಪ್ರಶ್ನೆಯನ್ನು ಬೇರೆ ಬೆಂಚಿಗೆ ಕೇಳುವ ಒಬ್ಬರು ಅಧ್ಯಾಪಕರು.