ಬಾವನ ಬೆಟ್ಟಕ್ಕೆ ಒಮ್ಮೆ ಹೋಗಿಬನ್ನಿ

ದಕ್ಷಿಣ ಅಮೆರಿಕದ ಅಮೆಜಾನ್ ಕಾಡು, ಅಲ್ಲಿನ ಬುಡಕಟ್ಟಿನವರು, ದೋಣಿಯಲ್ಲಿ ಹೋಗಿ ಅವರನ್ನು ಕಂಡುಬಂದ ಸಾಹಸಿಗಳು... ಇದನ್ನೆಲ್ಲ ಓದುವಾಗ ‘ನಮಗೆಲ್ಲಿ ಬರಬೇಕು ಆ ಭಾಗ್ಯ’ ಅಂತ ನಿಟ್ಟುಸಿರು ಬಿಟ್ಟಿದ್ದೀರಲ್ಲವೆ? ನಾನೂ ಬಿಟ್ಟವಳೇ. ಚಾಮರಾಜನಗರದ ನಾದಿನಿಯ ಮನೆಗೆ ಹೋದಾಗ ಗೊತ್ತಾಯಿತು, ಕಾಡು ನೋಡೋದಕ್ಕೆ ಕಡಲು ದಾಟಬೇಕಾಗಿಲ್ಲ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿದರೆ ಸಾಕು.

ಮೊದಲು ಗುಂಡ್ಲುಪೇಟೆ. ಮಳೆಗಾಲದಲ್ಲಿ ಹೋದರೆ ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಹೊಲದೊಳಗೆ ನುಗ್ಗಿ ಫೋಟೋ ತೆಗೆಸಿಕೊಳ್ಳಬೇಡಿ, ಮಾರಾಯರೆ. ಗಿಡ ತುಳಿಸಿಕೊಂಡ ರೈತ ಬೈದರೆ ತಪ್ಪೇನು? ಹಂಗಳದ ಮೇಲೆ ಹೋದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1454 ಮೀಟರ್ ಎತ್ತರ. ಸ್ವಂತ ಕಾರಿದ್ದರೂ ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. ಮೇಲೆ ಮಂಜು, ಗಾಳಿ, ಕೊಳಲು ಹಿಡಿದ ಕೃಷ್ಣ. ಮಕ್ಕಳಿಗೆ ಸ್ವೆಟರ್ ಮರೆಯಬೇಡಿ. ಸಂಜೆಯಾಗುವ ಮೊದಲೇ ಇಳಿಯಬೇಕು, ಆನೆಗಳ ಜಾಗವದು. ಬಂಡೀಪುರದ ಹೆದ್ದಾರಿಯಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಕೆಲವರು ಗೊಣಗುತ್ತಾರೆ. ನನಗಂತೂ ಸರಿ ಅನ್ನಿಸಿತು, ರಾತ್ರಿಯಾದರೂ ಕಾಡು ಕಾಡಿನವರಿಗಿರಲಿ.

ನನ್ನ ಮನಸ್ಸು ನಿಂತದ್ದು ಮಾತ್ರ ಬಿಳಿಗಿರಿರಂಗನ ಬೆಟ್ಟದಲ್ಲಿ. ಬಿಳಿ ಬಂಡೆಯ ತುದಿಯಲ್ಲಿ ಗುಡಿ, ಕೆಳಗೆ ಕಣ್ಣು ಹಾಯುವಷ್ಟೂ ಹಸಿರು. ರಂಗನಾಥನಿಗೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಹೊಲಿದು ಅರ್ಪಿಸುವ ಪದ್ಧತಿ ಇದೆ. ಸ್ವಾಮಿ ರಾತ್ರಿಯೆಲ್ಲ ಕಾಡು ಸುತ್ತುತ್ತಾನಂತೆ, ಸವೆಯಬೇಡವೆ?

ಪೋಡಿನ ಒಬ್ಬ ಸೋಲಿಗರ ಅಜ್ಜಿ ಅಂದರು, “ನಮ್ ಬಾವ ಕನವ್ವ ಅವ್ನು.” ಪೋಡು ಅಂದರೆ ಅವರ ಹಟ್ಟಿ. ರಂಗಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ, ಅಂದಿನಿಂದ ಅವರ ಕುಲಕ್ಕೆಲ್ಲ ಬಾವ. ಹಾಗಾಗಿ ಅವರು ದೇವರನ್ನು ಭಕ್ತಿಯಿಂದ ಬೇಡುವುದಕ್ಕಿಂತ ಸಲಿಗೆಯಿಂದ ಮಾತಾಡಿಸೋದೇ ಹೆಚ್ಚು. ಕಾಡಿನೊಳಗೆ ಭಾರ್ಗವಿ ಹೊಳೆಯ ದಡದಲ್ಲಿ ಅವರು ಪೂಜಿಸುವ ದೊಡ್ಡ ಸಂಪಿಗೆ ಮರವಿದೆ. ನೂರಾರು ವರ್ಷದ್ದು. ಅಲ್ಲಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.

ಅಜ್ಜಿಯ ಮನೆಯಲ್ಲಿ ಕೆಂಡದ ಮೇಲೆ ಸುಟ್ಟ ರಾಗಿ ರೊಟ್ಟಿ, ಸಿಹಿಗುಂಬಳದ ಪಲ್ಯ ತಿಂದೆವು. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬವನ್ನೇ ಮಾಡುತ್ತಾರೆ, ಮೊದಲು ದೇವರಿಗೆ, ಆಮೇಲೆ ಹಾಡು ಕುಣಿತ. ಹೆಜ್ಜೇನು ಕೀಳುವಾಗಲೂ ಎಲ್ಲವನ್ನೂ ಬಾಚಿ ತರೋದಿಲ್ಲ, ಹುಳಕ್ಕೆ ಪಾಲು ಬಿಟ್ಟೇ ಬರುತ್ತಾರಂತೆ. ಡಬ್ಬಿಯ ತಳ ಕೆರೆಯುವ ನಮಗೆ ನಾಚಿಕೆಯಾಯಿತು.

ಹೀಗೆ ಬಾಳಿದವರನ್ನೇ ಕಾಡು ಉಳಿಸುವ ಹೆಸರಲ್ಲಿ ಹೊರಗೆ ತಂದಿದ್ದರು! 1974ರಲ್ಲಿ ಇದು ಅಭಯಾರಣ್ಯವಾದ ಮೇಲೆ ಕಾಡೊಳಗಿನ ಬೇಸಾಯ ನಿಂತಿತು, ಬೇಟೆ ನಿಂತಿತು, ಹಲವರು ರಸ್ತೆ ಬದಿಯ ಪೋಡುಗಳಿಗೆ ಬಂದರು. ಬೇಸಿಗೆಯ ಮೊದಲಲ್ಲಿ ಅವರು ಹಾಕುತ್ತಿದ್ದ ಸಣ್ಣ ತರಗು ಬೆಂಕಿಯೂ ನಿಂತಿತು. ಆ ಮೇಲೆ ಲಂಟಾನ ಪೊದೆ ಕಾಡನ್ನೇ ನುಂಗುತ್ತ ಬಂತು, ಹುಲ್ಲು ಹೋಯಿತು ಅನ್ನುತ್ತಾರೆ ಹಿರಿಯರು. ಈ ಲಂಟಾನ ಎಲ್ಲಿಯದು ಗೊತ್ತೆ? ಅಮೆರಿಕದ ಉಷ್ಣವಲಯದ್ದೇ. ಹೂವು ಚೆಂದವೆಂದು ಇಂಗ್ಲಿಷರು ತೋಟಕ್ಕೆ ತಂದು ನೆಟ್ಟದ್ದು. ಗುಂಡ್ಲುಪೇಟೆಯ ಚೆಂಡುಹೂವು, ಸೂರ್ಯಕಾಂತಿಯ ಮೂಲವೂ ಅಮೆರಿಕವೇ, ಆದರೆ ಅವು ಹೊಲದ ಬದು ದಾಟಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ. ಕಂಡರೆ ಕೊಳ್ಳಿ, ಬೆತ್ತದಷ್ಟೇ ಚೆನ್ನ.

2006ರಲ್ಲಿ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಂತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯೂ ಬಂತು ಅನ್ನಿ. 2011ರಲ್ಲಿ ಇದು ಹುಲಿ ರಕ್ಷಿತಾರಣ್ಯವಾಯಿತು, ಆ ವರ್ಷವೇ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರವೂ ಸಿಕ್ಕಿತು. ಪತ್ರ ಕೈಗೆ ಬಂದರೂ ಎಲ್ಲ ಸಲೀಸಾಗಲಿಲ್ಲ, ಓಡಾಟ ತಪ್ಪಲಿಲ್ಲ. ಇವರಿಗಾಗಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಸೋಲಿಗರ ಮಕ್ಕಳು ಈಗ ತಮ್ಮ ಹಕ್ಕಿನ ಕಾಗದವನ್ನು ತಾವೇ ಓದಬಲ್ಲರು.

ಯಳಂದೂರಿನ ಮೇಲಿನ ದಾರಿ ಸುಲಭ. ಪ್ಲಾಸ್ಟಿಕ್ ಒಯ್ಯಬೇಡಿ, ಕೋತಿಗಳಿಗೆ ತಿಂಡಿ ಎಸೆಯಬೇಡಿ. ಪೋಡಿಗೆ ಹೋದರೆ ಕೇಳದೆ ಫೋಟೋ ತೆಗೆಯಬೇಡಿ. ನಾವು ನಾಲ್ಕು ಹಣ್ಣು ಕೊಟ್ಟು ಹೊರಟಾಗ ಅಜ್ಜಿ ಬಾಗಿಲವರೆಗೂ ಬಂದು ಕೇಳಿದರು:

“ನಿಮ್ಮೂರ್ ದೇವ್ರು ನಿಮ್ಗೇನಾಗ್ಬೇಕವ್ವ?”

ನಾನು ನಾದಿನಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.