ಪರಸ್ಥಳದಲ್ಲಿ ಒಂದು ರಾತ್ರಿಯ ನೆಲೆ

ಮನೆ ಬಿಟ್ಟು ಹೊರಟವನನ್ನು ಹಸಿವಿಗಿಂತ ಮೊದಲು ಕಾಡುವ ಚಿಂತೆಯೆಂದರೆ, ರಾತ್ರಿ ತಲೆಯಿಡಲು ನೆಲೆಯೆಲ್ಲಿ ಎಂಬುದು. ಹಣವುಳ್ಳವರಿಗೆ ಇದು ಚಿಂತೆಯಲ್ಲ. ಎಣಿಸಿ ಗಂಟು ಕಟ್ಟಿಕೊಂಡ ಹಣದಲ್ಲಿ ಪಯಣಿಸುವವರಿಗೆ ಮಾತ್ರ ಇದರ ಭಾರ ತಿಳಿದಿರುತ್ತದೆ.

ಕೆಲವು ಕಾಲದ ಹಿಂದೆ ನಮ್ಮ ಕಳವಾರದ ಭಕ್ತರೊಬ್ಬರ ಮಗನು ಉದ್ಯೋಗದ ತರಬೇತಿಗೆಂದು ಜಪಾನಿನ ಓಸಾಕಾ ನಗರಕ್ಕೆ ಹೊರಟನು. ತರಬೇತಿ ಮುಗಿದ ಮೇಲೆ ಐದು ದಿನ ಸ್ವಂತ ಖರ್ಚಿನಲ್ಲಿ ಆ ಊರನ್ನು ನೋಡಿ ಬರುವ ಆಸೆ ಅವನಿಗೆ. ಹೊರಡುವ ಮುನ್ನ ನಮಸ್ಕರಿಸಲು ಬಂದವನು, "ಶಾಸ್ತ್ರಿಗಳೇ, ಅಲ್ಲಿನ ಕೊಠಡಿಯ ಬಾಡಿಗೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಪ್ಪನ ಹಾಲಿನ ದುಡ್ಡಿನಲ್ಲಿ ಓದಿದವನು ನಾನು. ಐದು ರಾತ್ರಿಗೆ ಅಷ್ಟು ಹಣ ಸುರಿಯಲು ಮನಸ್ಸು ಬಾರದು. ದೇಶ ಸುತ್ತಿದವರು ನೀವು, ದಾರಿ ಹೇಳಿ" ಎಂದನು. ನಾನು ಸುತ್ತಿದ್ದು ಕಾಶಿ, ಶ್ರೀಶೈಲಗಳನ್ನೇ ಹೊರತು ಜಪಾನನ್ನಲ್ಲ. ಆದ್ದರಿಂದ ನನ್ನ ಬಾಳಿನ ಒಂದು ರಾತ್ರಿಯ ಕಥೆಯನ್ನು ಅವನಿಗೆ ಹೇಳಿದೆ.

ಆಗ ನನಗೆ ಹದಿನೇಳು ವರ್ಷ. ಮಠದಲ್ಲಿ ಓದುತ್ತಿದ್ದೆ. ತಾಯಿಯವರ ಕಣ್ಣಿನ ಚಿಕಿತ್ಸೆಗಾಗಿ ಅವರನ್ನು ಕರೆದುಕೊಂಡು ಮೊದಲ ಸಲ ಬೆಂಗಳೂರಿಗೆ ಹೋದೆ. ಬಸ್ಸಿಳಿಯುವ ಹೊತ್ತಿಗೆ ಕತ್ತಲಾಗಿತ್ತು. ಮೆಜೆಸ್ಟಿಕ್ಕಿನ ಒಂದು ವಸತಿಗೃಹದಲ್ಲಿ ಕೇಳಿದರೆ, ಎರಡು ದಿನದ ಬಾಡಿಗೆ ಮುಂಗಡವಾಗಿ ಕೊಡಬೇಕೆಂದರು. ಕೊಟ್ಟರೆ ಔಷಧಿಗೆ ಹಣ ಉಳಿಯುತ್ತಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ತಾಯಿಯವರು, "ಇಲ್ಲೇ ಯಾವುದಾದರೂ ಜಗಲಿಯ ಮೇಲೆ ಮಲಗೋಣ ಬಾ ಮಗ" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ದಾರಿಯಲ್ಲಿ ಹೂವು ಮಾರುತ್ತಿದ್ದ ಮುದುಕಿಯೊಬ್ಬಳು, "ತೋಟದಪ್ಪನ ಛತ್ರ ಇದೆಯಲ್ಲಪ್ಪ, ರೈಲು ನಿಲ್ದಾಣದ ಎದುರಿಗೇ" ಎಂದು ಕೈ ತೋರಿದಳು. ಗುಮಾಸ್ತರು ಹೆಸರು, ಊರು ಬರೆದುಕೊಂಡು ಒಳಗೆ ಬಿಟ್ಟರು. ಅಂದು ತಾಯಿಯವರು ಚಾಪೆಯ ಮೇಲೆ ನಿಶ್ಚಿಂತೆಯಿಂದ ಮಲಗಿದ್ದನ್ನು ನೋಡುತ್ತ ನಾನು ಬಹಳ ಹೊತ್ತು ಎಚ್ಚರವಾಗಿಯೇ ಇದ್ದೆ.

ಆ ನೆಲೆಯನ್ನು ನಮಗಾಗಿ ಯಾರೋ ಎಷ್ಟೋ ವರ್ಷ ಮೊದಲೇ ಸಿದ್ಧಪಡಿಸಿಟ್ಟಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ. ಗುಬ್ಬಿ ತೋಟದಪ್ಪನವರು (1838-1910) ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಬಾಳಿದ ಶರಣಜೀವಿಗಳು. ಊರಿಂದೂರಿಗೆ ರೈಲಿನಲ್ಲಿ ಬಂದಿಳಿಯುವ ಜನ ತಂಗಲು ಸ್ಥಳವಿಲ್ಲದೆ ಪಡುವ ಪಾಡನ್ನು ಕಂಡು, 1897ರಲ್ಲಿ ನಿಲ್ದಾಣದ ಬಳಿಯೇ ಜಾಗ ಕೊಂಡು ಧರ್ಮಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಸರ್ಕಾರವು 'ರಾವ್ ಬಹದ್ದೂರ್' ಎಂದೂ, ಮಹಾರಾಜರು 'ಧರ್ಮಪ್ರವರ್ತ' ಎಂದೂ ಅವರನ್ನು ಗೌರವಿಸಿದರು. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತಂಗಿದ್ದುದು ಈ ವಿದ್ಯಾರ್ಥಿನಿಲಯದಲ್ಲಿಯೇ. ಮುಂದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯವಿತ್ತ ಆ ಕೈಗಳು ಎಳೆಯ ವಯಸ್ಸಿನಲ್ಲಿ ಒಬ್ಬ ವರ್ತಕರ ದಾಸೋಹದ ನೆರಳಿನಲ್ಲಿ ಬೆಳೆದವು.

ತರುಣನು ಓಸಾಕಾದಿಂದ ಮರಳಿ ಬಂದು ಹೇಳಿದ ಸಂಗತಿಗಳು ನನಗೆ ಹೊಸವಾದರೂ ಅಪರಿಚಿತವೆನಿಸಲಿಲ್ಲ. ಜಪಾನಿನಲ್ಲಿ ಹಿಂದೆ 'ಕಿಚಿನ್ ಯಾದೊ' ಎಂಬ ತಂಗುದಾಣಗಳಿದ್ದವಂತೆ. ಪಥಿಕನು ತನ್ನ ಅಕ್ಕಿಯನ್ನು ತಾನೇ ತಂದು ಬೇಯಿಸಿಕೊಂಡು, ಸೌದೆಯ ಬೆಲೆಯನ್ನಷ್ಟೇ ಕೊಡುತ್ತಿದ್ದನು. ಹೆಸರಿನ ಅರ್ಥವೂ ಅದೇ. ನಮ್ಮ ಛತ್ರಗಳ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಲಗಲು ಮಾತ್ರ ಸಾಲುವ ಗೂಡುಗಳನ್ನು ಒಂದರ ಮೇಲೊಂದು ಜೋಡಿಸಿದ 'ಕ್ಯಾಪ್ಸೂಲ್ ಹೋಟೆಲ್' ಮೊದಲು ತೆರೆದದ್ದು 1979ರಲ್ಲಿ, ಅದೇ ಓಸಾಕಾದಲ್ಲಿ. ಅದನ್ನು ರೂಪಿಸಿದವರು ಕಿಶೊ ಕುರೊಕಾವಾ ಎಂಬ ವಾಸ್ತುಶಿಲ್ಪಿ. ನಮ್ಮ ತರುಣನು ಒಂದು ರಾತ್ರಿ ಅಲ್ಲಿಯೂ ಮಲಗಿ ನೋಡಿದನು. ಉಳಿದ ರಾತ್ರಿಗಳನ್ನು ಶಿನ್-ಇಮಾಮಿಯಾ ರೈಲು ನಿಲ್ದಾಣದ ಬಳಿ ಕಳೆದನು. ಅದು ಹಿಂದೆ ದಿನಗೂಲಿಯವರು ತಂಗುತ್ತಿದ್ದ ಕೇರಿ. ಅಲ್ಲಿನ ಹಳೆಯ ತಂಗುದಾಣಗಳಲ್ಲಿ ಅನೇಕವು ಈಗ ಅಗ್ಗದ ವಸತಿಗೃಹಗಳಾಗಿವೆ. ಕೊಠಡಿ ಚಿಕ್ಕದು, ಸ್ನಾನ ಸಾಮೂಹಿಕ, ಆದರೆ ಚೊಕ್ಕಟ.

ಅದೇ ನಿಲ್ದಾಣದಿಂದ ರೈಲು ಹಿಡಿದು ಅವನು ಕೋಯಾ ಬೆಟ್ಟಕ್ಕೂ ಹೋಗಿ ಬಂದನು. ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಎಂಬ ಬೌದ್ಧ ಯತಿಗಳು ನೆಲೆಗೊಳಿಸಿದ ಆ ಕ್ಷೇತ್ರದ ಮಠಗಳಲ್ಲಿ ಐವತ್ತಕ್ಕೂ ಮಿಗಿಲಾದವು ಯಾತ್ರಿಕರಿಗೆ ವಸತಿ ನೀಡುತ್ತವೆ. ಅಲ್ಲಿನದು ಶುದ್ಧ ಸಸ್ಯಾಹಾರ. ಬಾಡಿಗೆ ಅಗ್ಗವಲ್ಲದಿದ್ದರೂ, ಸಾರಿಗೂ ಮೀನಿನ ರಸ ಬೆರೆಸುವ ಆ ದೇಶದಲ್ಲಿ ನಮ್ಮಂತಹವರಿಗೆ ಅದೊಂದು ರಾತ್ರಿಯ ನೆಮ್ಮದಿಗೆ ಬೆಲೆ ಕಟ್ಟಲಾಗದು.

ದೂರದ ಊರಿಗೆ ಹೊರಡುವ ನಮ್ಮ ಕುಟುಂಬಗಳಿಗೆ ಅನುಭವದಿಂದ ಹೇಳಬಹುದಾದ ಮಾತುಗಳು ಕೆಲವೇ. ಬಾಡಿಗೆಯೊಂದನ್ನೇ ನೋಡಿ ಊರ ಹೊರಗೆ ತಂಗಿದರೆ, ಉಳಿಸಿದ ಹಣ ಓಡಾಟಕ್ಕೇ ಹೋಗುತ್ತದೆ. ರೈಲು ನಿಲ್ದಾಣಕ್ಕೋ, ಹೋಗಬೇಕಾದ ಆಸ್ಪತ್ರೆಗೋ ನಡೆದು ಹೋಗುವಷ್ಟು ಹತ್ತಿರವಿರುವುದೇ ನಿಜವಾದ ಅಗ್ಗ. ಹಬ್ಬ, ಜಾತ್ರೆ, ರಜೆಯ ದಿನಗಳಲ್ಲಿ ದರ ಏರುವುದು ಎಲ್ಲ ದೇಶಗಳಲ್ಲಿಯೂ ಉಂಟು. ಅದು ತಿಳಿದು ದಿನ ಗೊತ್ತುಮಾಡಬೇಕು. ಮುಂಗಡ ಕೊಡುವ ಮುನ್ನ, ಬಾರದಿದ್ದರೆ ಹಣ ಮರಳುವುದೇ ಎಂದು ಕೇಳಬೇಕು. ಗುರುತಿನ ಪತ್ರ ಕೈಯಲ್ಲಿರಬೇಕು. ಛತ್ರ, ಮಠಗಳಲ್ಲಿ ತಂಗುವಾಗ ಅಲ್ಲಿನ ನಿಯಮಕ್ಕೆ ತಲೆಬಾಗಿ, ಕೆಲಸ ಮುಗಿದೊಡನೆ ಸ್ಥಳ ತೆರವು ಮಾಡಬೇಕು. ನಾವು ಬಿಟ್ಟ ಮೂಲೆಗಾಗಿ ಹೊರಗೆ ಇನ್ನೊಬ್ಬ ತಾಯಿ ಕಾಯುತ್ತಿರಬಹುದು.

ಕಡೆಯದಾಗಿ ನಮ್ಮೂರಿನ ಮಾತು. ಕಳವಾರದ ದುರ್ಗವನ್ನು ಈಗಿನವರು ಸ್ಕಂದಗಿರಿ ಎನ್ನುತ್ತಾರೆ. ಮೋಡದ ಮೇಲೆ ಸೂರ್ಯೋದಯ ಕಾಣುವ ಆಸೆಯಿಂದ ಬೆಂಗಳೂರಿನ ಹುಡುಗ ಹುಡುಗಿಯರು ಕತ್ತಲಿನಲ್ಲೇ ಬಂದು ತಪ್ಪಲಿನ ಪಾಪಾಗ್ನಿ ಮಠದ ಬಳಿ ಇಳಿಯುತ್ತಾರೆ. ಒಂದು ಲೋಟ ನೀರಿಗೂ, ಕುಳಿತುಕೊಳ್ಳುವ ಜಗಲಿಗೂ ಬೆಲೆ ಹೇಳುವುದನ್ನು ನಮ್ಮಲ್ಲಿ ಕೆಲವರು ಕಲಿತಿದ್ದಾರೆ. ನ್ಯಾಯವಾದ ಬಾಡಿಗೆ ಪಡೆಯುವುದು ಕಾಯಕ, ತಪ್ಪಲ್ಲ. ಆದರೆ ಅಪರಾತ್ರಿಯಲ್ಲಿ ಬಂದವರ ಅಸಹಾಯಕತೆಗೆ ಬೆಲೆ ಕಟ್ಟುವುದು ಕಾಯಕವಾಗದು. ನಗರದವರ ಛತ್ರದಲ್ಲಿ ಒಮ್ಮೆ ನಮ್ಮ ತಾಯಂದಿರು ಮಲಗಿದ್ದರು. ಇಂದು ನಗರದ ಮಕ್ಕಳು ನಮ್ಮ ಜಗಲಿಗೆ ಬಂದಿದ್ದಾರೆ. ಅವರಿಗೆ ಒಂದು ಚಾಪೆ ಹಾಸಿಕೊಡೋಣ.